ಹುಳ ಹಣ್ಣಾಗುವ ಬುಧವಾರ

ವಿರೂಪಾಕ್ಷಿಪುರದ ಪಕ್ಕದ ಹಳ್ಳಿಯಲ್ಲಿ ಅಂಕಯ್ಯ ರೇಷ್ಮೆ ಹುಳು ಸಾಕುತ್ತಾನೆ. ಆ ಮನೆಯಲ್ಲಿ ಒಂದು ಕಟ್ಟುಪಾಡಿದೆ. ಮೀನು ಮುಟ್ಟಿದ ಕೈ ಹುಳುಮನೆಯ ಹೊಸ್ತಿಲು ದಾಟುವಂತಿಲ್ಲ. ಮೀನಿನ ವಾಸನೆ ಹುಳಕ್ಕೆ ಆಗುವುದಿಲ್ಲ ಅನ್ನುವುದು ಅಂಕಯ್ಯನ ಹೆಂಡತಿ ನಾಗಲಕ್ಷ್ಮಮ್ಮನ ನಂಬಿಕೆ. ಅದನ್ನು ಪರೀಕ್ಷೆ ಮಾಡಿ ನೋಡುವ ಧೈರ್ಯ ಬೀದಿಯಲ್ಲಿ ಯಾರಿಗೂ ಬಂದಿಲ್ಲ.

ಇಂಥ ಮನೆಯ ಮಗಳು ಅಮೂಲ್ಯ. ಬಿ.ಎಸ್ಸಿ. ಮುಗಿಸಿ, ಸಮುದ್ರದ ಜೀವಿಗಳ ಬಗ್ಗೆ ಎಂ.ಎಸ್ಸಿ. ಓದಲು ಅರ್ಜಿ ಹಾಕಿದಳು. ಕಾರವಾರದಲ್ಲಿ ಸೀಟೂ ಸಿಕ್ಕಿತು.

"ಮೀನು ಓದಕ್ಕೂ ಒಂದು ಕಾಲೇಜಾ?" ಅಂದ ಅಂಕಯ್ಯ. "ಸಂತೇಲಿ ಮೀನು ಮಾರೋ ಮುನಾವರ್ ಯಾವ ಕಾಲೇಜ್ಗೆ ಹೋಗಿದ್ನವ್ವ?"

"ಮಾರೋದಲ್ಲಪ್ಪ, ಮೀನು ಮುಗ್ದು ಹೋಗ್ದಂಗೆ ನೋಡ್ಕಳೋದು."

"ನಮ್ಮೂರಾಗೆ ಸಮುದ್ರ ಎಲ್ಲೈತೆ? ಹೆಣ್ಣುಮಗು ಅಷ್ಟು ದೂರ ಹೋಗಿ, ಓದು ಮುಗಿಸ್ಕಂಡು ಬಂದು, ಇಲ್ಲಿ ಕೆರೆ ದಂಡೇಲಿ ಕೂತ್ಕಬೇಕಾ?"

ನಾಗಲಕ್ಷ್ಮಮ್ಮನ ಚಿಂತೆಯೇ ಬೇರೆ. ಮಗಳಷ್ಟು ಹಗುರವಾದ ಕೈ ಹುಳುಮನೆಯಲ್ಲಿ ಇನ್ನೊಂದಿರಲಿಲ್ಲ. ಆ ಕೈ ದಿನಾ ಮೀನು ಮುಟ್ಟಿದರೆ ಮತ್ತೆ ಹುಳ ಮುಟ್ಟುವುದು ಯಾವಾಗ?

ಪಕ್ಕದ ಮನೆಯ ಮಾಯಮ್ಮ ಸ್ತ್ರೀಶಕ್ತಿ ಸಂಘದವಳು. ಎಲ್ಲರ ಮನೆಯ ವಿಷಯವೂ ಅವಳದೇ ವಿಷಯ. "ಗೊತ್ತಿಲ್ದೆ ಬ್ಯಾಡ ಅನ್ಬೇಡಿ, ಗೊತ್ತಿರೋರ್ನ ಕೇಳಿ" ಎಂದವಳೇ ಭಾನುವಾರ ಪ್ರತಿಮಾ ಮೇಡಂ ಅವರನ್ನು ಕರೆಸಿಬಿಟ್ಟಳು. ಪ್ರತಿಮಾ ದೊಡ್ಡಮಳೂರಿನವರು. ಇದೇ ಓದು ಓದಿ, ಈಗ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ.

ಬಾಗಿಲಲ್ಲೇ ನಾಗಲಕ್ಷ್ಮಮ್ಮ ಕೇಳಿದಳು: "ಮೀನು ಮುಟ್ಟಿದ್ದೀರಾ, ಮೇಡಮ್ಮೋರೆ?"

"ಬೆಳಿಗ್ಗೆ ಸಾರಿಗೆ ತೊಳೆದೆ."

"ಹಂಗಾದ್ರೆ ಆಚೆನೇ ಕೂತ್ಕಳಿ. ಹುಳ ನಾಲ್ಕನೇ ಜ್ವರಕ್ಕೆ ಕೂತವೆ."

ಹುಳ ಪೊರೆ ಬಿಡುವ ಸಮಯಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ, ತಟ್ಟೆ ಅಲುಗಿಸುವಂತಿಲ್ಲ. ಪ್ರತಿಮಾ ಬೇಸರವಿಲ್ಲದೆ ಜಗಲಿಯ ಮೇಲೆ ಕೂತರು. ಕಾಫಿ ಅಲ್ಲಿಗೇ ಬಂತು.

"ಅಮೂಲ್ಯ, ನಿಂಗೆ ಇದರ ಮೇಲೆ ಆಸೆ ಹೇಗೆ ಬಂತು? ಅಮ್ಮಂಗೆ ಹೇಳಿದ್ದೀಯಾ?" ಕೇಳಿದರು.

ಅಮೂಲ್ಯ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ. "ಕಾಲೇಜಿಂದ ಟೂರ್ ಹೋದಾಗ ಬಂಡೆ ಸಂದೀಲಿ ಒಂದು ಏಡಿ ನೋಡ್ದೆ ಕಣವ್ವ. ಹಳೇ ಚಿಪ್ಪು ಬುಟ್ಟು ಈಚೆ ಬತ್ತಿತ್ತು. ಜ್ವರ ಎದ್ದ ಹುಳದಂಗೇ ಮೆತ್ತಗಿತ್ತು. ಎಲ್ಲಾರೂ ಸಮುದ್ರದ ಮುಂದೆ ಫೋಟೋ ತಕ್ಕತ್ತಿದ್ರು, ನಾನು ಅಲ್ಲೇ ಕೂತಿದ್ದೆ."

ನಾಗಲಕ್ಷ್ಮಮ್ಮ ಹೊಸ್ತಿಲ ಈಚೆ ಬಂದಳು. "ಏಡಿಗೂ ಜ್ವರ ಬತ್ತದಾ?"

"ಏಡಿಗೂ ಉಂಟು, ಸಿಗಡಿಗೂ ಉಂಟು" ಅಂದರು ಪ್ರತಿಮಾ. "ಮೀನಿಗೆ ಮೊಟ್ಟೆ ಇಡೋ ಕಾಲ ಉಂಟು. ಆಗ ಬಲೆ ಹಾಕಿದ್ರೆ ಮುಂದಿನ ವರ್ಷಕ್ಕೆ ಮೀನೇ ಇರಲ್ಲ. ಅದಕ್ಕೇ ನಮ್ಮ ಕರಾವಳೀಲಿ ಮಳೆಗಾಲದಾಗೆ ಯಂತ್ರದ ದೋಣಿಗಳನ್ನ ನಿಲ್ಲಿಸ್ತಾರೆ."

"ಸರಿ ಮತ್ತೆ. ಜ್ವರದಾಗೆ ಮುಟ್ಬಾರ್ದು."

"ಯಾವ ಜೀವಾನ ಯಾವಾಗ ಮುಟ್ಬಾರ್ದು ಅಂತ ಯಾರೋ ವರ್ಷಾನುಗಟ್ಟಲೆ ನೋಡಿ ಹೇಳ್ಬೇಕಲ್ವಾ? ಆ ಕೆಲಸಾನೇ ನಿಮ್ಮ ಮಗಳು ಕಲಿಯಕ್ಕೆ ಹೊರಟಿರೋದು."

ನಾಗಲಕ್ಷ್ಮಮ್ಮ ಮೇಡಂ ಲೋಟಕ್ಕೆ ಇನ್ನೊಂದಿಷ್ಟು ಕಾಫಿ ಸುರಿದಳು. ಅವಳು ಕೇಳದೆಯೇ ಕಾಫಿ ಸುರಿದಳು ಅಂದರೆ ಅರ್ಧ ಒಪ್ಪಿದಳು ಅಂತಲೇ ಲೆಕ್ಕ.

ಅಂಕಯ್ಯನಿಗೆ ಏಡಿಯ ಜ್ವರದಿಂದ ಸಮಾಧಾನವಾಗಲಿಲ್ಲ. "ಅದೆಲ್ಲಾ ಸರಿ ಮೇಡಂ. ಕೊನೆಗೆ ಕೆಲಸ?"

ಪ್ರತಿಮಾ ಬಣ್ಣ ಕಟ್ಟಿ ಹೇಳಲಿಲ್ಲ. "ಎಂ.ಎಸ್ಸಿ. ಎರಡು ವರ್ಷ. ಆಮೇಲೆ ದೇಶದ ಮಟ್ಟದ ಪರೀಕ್ಷೆ ಬರೀಬೇಕು. ಒಳ್ಳೇ ನಂಬರ್ ಬಂದ್ರೆ ಪಿಎಚ್.ಡಿ. ಮಾಡುವಾಗ ಫೆಲೋಶಿಪ್ ಅಂತ ತಿಂಗಳಿಗಿಷ್ಟು ಹಣ ಕೊಡ್ತಾರೆ. ಪಿಎಚ್.ಡಿ. ಐದಾರು ವರ್ಷ ಹಿಡೀತದೆ. ಆಮೇಲೆ ಕಾಲೇಜಲ್ಲಿ ಪಾಠ ಮಾಡ್ಬಹುದು, ಸಂಶೋಧನಾ ಕೇಂದ್ರ ಸೇರ್ಬಹುದು, ಸಮುದ್ರ ಉಳಿಸೋ ಯೋಜನೆಗಳಲ್ಲಿ ಕೆಲಸ ಮಾಡ್ಬಹುದು. ಆದ್ರೆ ಎಲ್ಲರಿಗೂ ಸಿಕ್ಕೇ ಸಿಗ್ತದೆ ಅಂತ ನಾನು ಹೇಳಲ್ಲ. ನನ್ನ ಜೊತೆ ಓದಿದೋರಲ್ಲಿ ಅರ್ಧ ದಾರೀಲಿ ಬಿಟ್ಟೋರೂ ಇದ್ದಾರೆ."

"ನಿಜ ಹೇಳ್ಬುಟ್ರಿ" ಅಂದ ಅಂಕಯ್ಯ. "ರೇಷ್ಮೇಲೂ ಎಲ್ಲಾ ಬೆಳೆ ಕೈ ಹತ್ತಲ್ಲ. ಅಂತ ಹುಳ ಸಾಕೋದು ಬುಟ್ಟಿದ್ದೀವಾ?"

ಅಮೂಲ್ಯಳ ಮುಖ ಅರಳಿತು. ಬಹಳ ದಿನದಿಂದ ಅದು ಅರಳಿರಲಿಲ್ಲ.

"ಕಾರವಾರಕ್ಕೆ ಯಾವತ್ತು ಹೋಗ್ಬೇಕು?" ಕೇಳಿದ ಅಂಕಯ್ಯ.

"ಈ ಬುಧವಾರ ಬಿಟ್ಟು ಮುಂದಿನ ಬುಧವಾರ" ಅಂದರು ಪ್ರತಿಮಾ. "ಅಸಲಿ ಮಾರ್ಕ್ಸ್ ಕಾರ್ಡ್ ತಗೊಂಡು ಅವಳೇ ಹೋಗ್ಬೇಕು. ತಪ್ಪಿದ್ರೆ ಸೀಟು ಪಟ್ಟೀಲಿ ಹಿಂದಿರೋರಿಗೆ ಹೋಗ್ತದೆ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆ ಬುಧವಾರವೇ ಹುಳ ಹಣ್ಣಾಗುವ, ಅಂದರೆ ಮೇವು ಬಿಟ್ಟು ಗೂಡು ಕಟ್ಟಲು ಸಿದ್ಧವಾಗುವ ದಿನ. ಹಣ್ಣಾದ ಹುಳವನ್ನು ಹೊತ್ತಿಗೆ ಸರಿಯಾಗಿ ಆಯ್ದು, ಗೂಡು ಕಟ್ಟುವ ಬಿದಿರು ತಟ್ಟೆಗೆ, ಅಂದರೆ ಚಂದ್ರಿಕೆಗೆ ಬಿಡಬೇಕು. ತಡವಾದರೆ ಅದು ಸಿಕ್ಕಲ್ಲೇ ನೂಲು ಬಿಟ್ಟು ಗೂಡು ಕೆಡುತ್ತದೆ. ಅಮೂಲ್ಯ ಹೋದರೆ ಜೊತೆಗೆ ಅಣ್ಣ ಪ್ರಕಾಶನೂ ಹೋಗಬೇಕು. ಉಳಿಯುವುದು ಎರಡೇ ಜನ.

"ಹುಳಕ್ಕೆ ಒಸಿ ತಡೀರಿ ಅನ್ನಕ್ಕಾಯ್ತದಾ?" ಅಂಕಯ್ಯನ ದನಿ ಇಳಿಯಿತು. ಮಗಳನ್ನು ಕಳಿಸುವ ಮನಸ್ಸು ಈಗಷ್ಟೇ ಬಂದಿತ್ತು. ಅದಕ್ಕೇ ಹೆಚ್ಚು ನೋವಾಯಿತು.

ಅಮೂಲ್ಯ ಎದ್ದು ಹುಳುಮನೆಯ ಕಡೆ ನಡೆದಳು. "ಬುಡಪ್ಪ. ನಾನು ಹೋಗಲ್ಲ."

"ಏಯ್, ನಿಂತ್ಕಳೇ!" ಮಾಯಮ್ಮ ರೇಗಿದಳು. "ಅಂಕಣ್ಣ, ನಮ್ಮನೆ ಹುಳ ಹಣ್ಣಾದಾಗ ನಿನ್ ಮಗಳು ಮುಯ್ಯಾಳಾಗಿ ಬಂದು ದುಡಿದ್ಲಲ್ಲ, ಆ ಮುಯ್ಯಿ ಯಾವತ್ತು ತೀರಿಸ್ಲಿ? ಸಂಘದೋರೆಲ್ಲಾ ಬತ್ತೀವಿ. ನಾವೇನು ಸತ್ತೋಗಿದ್ದೀವಾ?"

ನಾಗಲಕ್ಷ್ಮಮ್ಮ ಯೋಚಿಸಿ ಒಂದೇ ಷರತ್ತು ಹಾಕಿದಳು: "ಮಂಗಳವಾರದಿಂದ ಬುಧವಾರದ ಗಂಟ ನಮ್ಮ ಬೀದೀಲಿ ಯಾರೂ ಮೀನು ಸಾರು ಮಾಡಂಗಿಲ್ಲ."

ಬೀದಿ ಒಪ್ಪಿತು. ಕೆಲವು ಗಂಡಸರು ಗೊಣಗಿದರು, ಅವರನ್ನು ಯಾರೂ ಕೇಳಿರಲಿಲ್ಲ.

ಬುಧವಾರ ಹುಳ ಹಣ್ಣಾದವು. ಹುಳುಮನೆಯ ತುಂಬ ಹೆಂಗಸರು. ಮಧ್ಯಾಹ್ನ ಮಾಯಮ್ಮನ ಫೋನಿಗೆ ಅಮೂಲ್ಯ ಕರೆ ಮಾಡಿದಳು. ನಾಗಲಕ್ಷ್ಮಮ್ಮನ ಕೈ ತುಂಬ ಹುಳವಿತ್ತು. ಮಾಯಮ್ಮನೇ ಸ್ಪೀಕರ್ ಹಾಕಿ ಫೋನನ್ನು ಅವಳ ಮುಂದೆ ಹಿಡಿದಳು.

"ಅವ್ವ, ಅಡ್ಮಿಶನ್ ಆಯ್ತು. ಹುಳ?"

"ಎಲ್ಲಾ ಚಂದ್ರಿಕೆ ಮೇಲವೆ. ನೀನು ಉಂಡಾ?"

"ಉಂಡೆ. ಅವ್ವ, ರಜಕ್ಕೆ ಬಂದಾಗ ಹುಳುಮನೆ ಒಳಕ್ಕೆ ಬುಡ್ತೀಯಾ?"

ಹೆಂಗಸರ ಕೈಗಳೆಲ್ಲ ಒಂದು ಗಳಿಗೆ ನಿಂತವು. ನಾಗಲಕ್ಷ್ಮಮ್ಮನ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಸೋಪು ಹಾಕಿ ಕೈ ತೊಳ್ಕಂಡು ಬಾ" ಅಂದಳು.

ಅಕ್ಕ ತಂಗಿಯರೇ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ಇಂಥ ಒಬ್ಬಳು ಇರಬಹುದು. ಅವಳು ಓದಬೇಕೆಂದಿರುವ ಓದಿನ ಹೆಸರನ್ನೇ ನೀವು ಕೇಳಿಲ್ಲದೆ ಇರಬಹುದು. ಬೇಡ ಅನ್ನುವ ಮೊದಲು, ಅದು ಯಾಕೆ ಇಷ್ಟ ಅಂತ ಅವಳನ್ನೇ ಕೇಳಿ. ಮುಂದೇನು ಅಂತ ಆ ಓದು ಓದಿದವರನ್ನು ಕೇಳಿ. ಆಮೇಲೆ "ಹೋಗಿ ಬಾರಮ್ಮ" ಅಂದು ಸುಮ್ಮನಾಗಬೇಡಿ. ಅವಳು ಹೊರಡುವ ದಿನ ಅವಳ ಮನೆಯ ಕೆಲಸಕ್ಕೆ ನಿಮ್ಮದೊಂದು ಕೈ ಕೊಡಿ. ಮೀನು ಸಾರು ಗುರುವಾರ ಮಾಡಿಕೊಳ್ಳಬಹುದು.