ಭೋಂಗಾ ಕೇಳದ ದಂಡೆ

ನೀರಿನ ತಳದಿಂದ ಗುಳ್ಳೆಗಳು ಏಳುತ್ತಿವೆ, ಒಂದರ ಹಿಂದೊಂದು, ಕೆಳಗೆ ಯಾರೋ ಕೂತು ಉಸಿರು ಬಿಡುತ್ತಿರುವ ಹಾಗೆ, ಮೀನಿರಬಹುದು, ಕೊಳೆತ ಎಲೆಯಿರಬಹುದು, ಮೊಸಳೆ ಒಂದು ಆಗದಿದ್ದರೆ ಸಾಕು — ಇಲ್ರಿ ಅಕ್ಕಾರ, ಮೊಸಳಿ ಎಲ್ಲಾ ಆ ಕಡೆ ನಿಮ್ಮ ದಾಂಡೇಲ್ಯಾಗ, ಇಲ್ಲಿಲ್ಲ, ಎಂದು ಹರಿಗೋಲು ನಡೆಸುವ ಅಂಕುಶಣ್ಣ ಹುಟ್ಟು ಹಾಕುತ್ತಲೇ ನಗುತ್ತಾನೆ, ಹಾಗಾದರೆ ಮಧುಮತಿ ಬಾಯಿಬಿಟ್ಟೇ ಕೇಳಿಬಿಟ್ಟಳೇನು, ಹತ್ತಿದಾಗಿನಿಂದ ಕೇಳಿದ್ದೇ ಕೇಳಿದ್ದು, ಇಲ್ಲಿ ಎಷ್ಟು ಆಳ, ಈ ಹರಿಗೋಲಿಗೆ ತಲೆ ಯಾವುದು ಬಾಲ ಯಾವುದು, ನೇರ ಹೋಗುವ ಬದಲು ಯಾಕೆ ತಿರುಗುತ್ತದೆ. ಆರು ವರ್ಷದಿಂದ ದಾಂಡೇಲಿಯ ಅಂಬೇವಾಡಿಯಲ್ಲಿ ಸಂಸಾರ, ಇದೇ ಕಾಳಿ ನದಿಯ ನೀರು ಕುಡಿದು ಅದರ ಮೇಲೆ ಕೂತದ್ದು ಮಾತ್ರ ಇವತ್ತೇ, ಪುಣೆಯವರು ಬೆಳಗಾವಿಯವರು ಬಂದು ಕೂತು ಹೋಗುತ್ತಾರೆ, ಊರಿನವರು ಸೇತುವೆಯ ಮೇಲೆ ನಿಂತು ಅವರನ್ನು ನೋಡುತ್ತಾರೆ, ಅಷ್ಟೇ. ಹೆರಿಗೆ ರಜೆಯಲ್ಲಿ ಒಂದು ಪ್ರವಾಸ ಎಂದಾಗ ಅತ್ತೆ ಯಲ್ಲವ್ವ ಗೋವಾವೋ ಗೋಕರ್ಣವೋ ಎಂದುಕೊಂಡಿದ್ದರು, ಜೋಯಿಡಾ ರಸ್ತೆಯ ಹೋಮ್‌ಸ್ಟೇ ಎಂದು ತಿಳಿದು ಹಣೆ ಚಚ್ಚಿಕೊಂಡರು, ಬಸ್ಸಿನ್ಯಾಗ ಒಂದು ನಿದ್ದಿ ಮುಗಿಯೂದ್ರಾಗ ಬರೂ ಊರಿಗೆ ಯಾರಾರ ಟ್ರಿಪ್ಪ ಹೋಗ್ತಾರೇನವಾ, ಆದರೂ ಎರಡು ಕುಂಚಿಗೆ, ಬಜೆ, ಕಾಡಿಗೆಯ ಡಬ್ಬಿ ಎಲ್ಲ ಅವರೇ ಕಟ್ಟಿಕೊಟ್ಟರು, ಕಿವಿ ಮುಚ್ಚಿ ಕಟ್ಟವಾ, ನದಿ ಗಾಳಿ ಕೆಟ್ಟದ್ದು ಎಂದು. ಕೂಸಿನ ಹೆಸರು ಶೈಲಶ್ರೀ, ಐದೂವರೆ ತಿಂಗಳಿಗೆ ಅಷ್ಟುದ್ದದ ಹೆಸರು ದೊಗಳೆಯಾಗುತ್ತದೆಂದು ಎಲ್ಲರೂ ಕೂಸು ಎಂದೇ ಕರೆಯುತ್ತಾರೆ.

ಕೂಸು ಈಗ ದಂಡೆಯಲ್ಲಿದೆ, ಅವಳು ನೀರಿನಲ್ಲಿ, ಹುಟ್ಟಿದಾಗಿನಿಂದ ಇಬ್ಬರ ನಡುವೆ ಇಷ್ಟು ದೂರ ಬಿದ್ದದ್ದೇ ಇಲ್ಲ — ಬಾಣಂತಿ ಕೋಣೆಯಲ್ಲಿ ಅಂಗೈ ಅಗಲದ ದೂರ, ಆಮೇಲೆ ಅಡುಗೆಮನೆಯಿಂದ ಪಡಸಾಲೆಯ ತನಕ, ಈಗ ಅರ್ಧ ನದಿ, ಇನ್ನು ಒಂಬತ್ತು ದಿನಕ್ಕೆ ರಜೆ ಮುಗಿದರೆ ಮನೆಯಿಂದ ಕಾಗದದ ಕಾರ್ಖಾನೆಯ ತನಕ. ಕೂಸು ಚಮಚದಲ್ಲಿ ಹಾಲು ಕುಡಿದರೆ ಅವಳು ಕೆಲಸಕ್ಕೆ ಹೋಗುತ್ತಾಳೆ, ಕುಡಿಯದಿದ್ದರೆ ಇಲ್ಲ, ಮಾತು ಇಷ್ಟೇ. ಹದಿನೈದು ದಿನದಿಂದ ಬೆಳ್ಳಿ ಚಮಚ ಹಿಡಿದು ಕೂತದ್ದೇ ಬಂತು, ಹಿಂಡಿಟ್ಟ ತನ್ನದೇ ಹಾಲು, ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕಾಗದದ ತೇವ ಅಳೆಯುವ ಕೈ ಅದರ ಬಿಸುಪನ್ನು ಮತ್ತೆ ಮತ್ತೆ ನೋಡಿ ತಂದರೂ ಕೂಸು ಮೂಗು ಅರಳಿಸಿ, ಮುಖ ತಿರುಗಿಸಿ, ತುಟಿ ಬಿಗಿದು — ಆ ಬಿಗಿದ ತುಟಿ, ಎರಡೂ ಸೇರಿ ಒಂದೇ ಗೆರೆ, ಬಾಟಲಿಗೂ ಅದೇ ಗೆರೆ. ಕೂಸಿನ ಬಾಯೇ ಹೇಳಾಕ ಹತ್ತೈತಲ್ಲವಾ, ನೌಕರಿ ಬ್ಯಾಡಂತ, ಎಂದರು ಅತ್ತೆ, ಕೆಟ್ಟ ಮನಸ್ಸಿನಿಂದಲ್ಲ, ಮೊಮ್ಮಗಳು ಹಸಿದು ಅಳುವುದನ್ನು ನೋಡಲಾರರು. ಗಂಡ ಬಾಳೇಶ ನೋಡೂಣು ಎಂದ, ಮನೆಗೆ ಸುಣ್ಣ ಬಳಿಸುವುದಕ್ಕೂ ನೋಡೂಣು, ಹೆಂಡತಿಯ ನೌಕರಿಗೂ ನೋಡೂಣು. ಅವಳಿಗೆ ಆ ಕೆಲಸ ಬೇಕು. ಹಾಳೆಯನ್ನು ಬೆಳಕಿಗೆ ಹಿಡಿದರೆ ಒಳಗೆ ನಾರುಗಳು ಹೆಣೆದುಕೊಂಡಿರುತ್ತವೆ, ಇವತ್ತಿನ ಹಾಳೆ ನಿನ್ನೆಯದರಂತೆ ಇರುವುದೇ ಇಲ್ಲ, ಯಾಕಿಲ್ಲ, ಯಾವ ಮರ, ಯಾವ ನೀರು, ಹುಡುಕುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯದು — ಕೂಸನ್ನು ಎತ್ತಿಕೊಂಡೇ ಅದನ್ನೆಲ್ಲ ನೆನೆಯುವುದು ತಪ್ಪೇನೋ ಎನ್ನಿಸಿ ಯಾರೆದುರೂ ಹೇಳಿಲ್ಲ.

ನಿನ್ನೆ ಮಧ್ಯಾಹ್ನ ಚಮಚದ ಜಗಳ ನೋಡಿ ಹೋಮ್‌ಸ್ಟೇಯ ಲೀನಾಬಾಯಿ ಹೊಸ್ತಿಲಲ್ಲೇ ನಿಂತಳು, ಗದ್ದೆ ಕೂಲಿಯ ನಡುವೆ ನಾಲ್ಕು ಮಕ್ಕಳನ್ನು ಬೆಳೆಸಿದ ಸಿದ್ದಿ ಹೆಂಗಸು, ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಕೇಳಿದಳು, ಈಗ ಯಾಕ ಕೊಡಾಕ ಹತ್ತೀರಿ ಅಕ್ಕಾ? ಎರಡರ ಭೋಂಗಾ ಆತಲ್ಲ ಅದಕ್ಕ, ಎಂದಳು ಮಧುಮತಿ, ಕಾರ್ಖಾನೆಯ ಭೋಂಗಾ ಎಲ್ಲಿ ಇಲ್ಲಿ, ಅದಕ್ಕೆಂದೇ ಮೊಬೈಲಿನಲ್ಲಿ ಅಲಾರಾಂ ಇಟ್ಟಿದ್ದಳು. ಅಂಬೇವಾಡಿಯಲ್ಲಿ ಗಡಿಯಾರ ಯಾರು ನೋಡುತ್ತಾರೆ, ಪಾಳಿ ಬದಲಾಗುವಾಗ ಕಾರ್ಖಾನೆ ಕೂಗುತ್ತದೆ, ಆ ಕೂಗಿಗೇ ಅನ್ನ ಬಸಿಯುವುದು, ಆ ಕೂಗಿಗೇ ಒಣಗಿದ ಬಟ್ಟೆ ತೆಗೆಯುವುದು, ಚಮಚದ ಪಾಠವೂ ಅದಕ್ಕೇ. ಲೀನಾಬಾಯಿ ಬಿಡಲಿಲ್ಲ, ಅದಕ್ಕ ಮೊದಲ ಕೂಸು ಅಳಲಿಲ್ಲೇನು? ಒಂದೂವರಿಗೆ ಅತ್ತಿತ್ತು, ಎದಿಗೆ ಹಚ್ಚಿಕೊಂಡೆ. ಲೀನಾಬಾಯಿ ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟು ನಕ್ಕಳು ನೋಡಿ, ಬಾಗಿಲ ಚೌಕಟ್ಟು ಹಿಡಿದು ನಕ್ಕಳು, ಹೊಟ್ಟಿ ತುಂಬಿಸಿ ಮ್ಯಾಲೆ ಚಮಚಾ ಹಿಡದ್ರ ಯಾರು ಕುಡಿತಾರ, ಕೂಸು ಇನ್ನೂ ಡ್ಯೂಟಿಗೆ ಸೇರಿಲ್ಲಲ್ಲ ಅಕ್ಕಾ, ನಾಳೆ ನೀವು ನದಿಗೆ ಹೋಗ್ರಿ, ಅದಕ್ಕ ಹಸಿವಾಗಲಿ, ನಾ ಕುಡಸ್ತೇನಿ. ಇವತ್ತು ಅಲಾರಾಂ ಇದ್ದ ಮೊಬೈಲನ್ನೂ ಇಸಿದುಕೊಂಡಳು. ಬಾಳೇಶ ಈ ಸಲ ನೋಡೂಣು ಎನ್ನಲಿಲ್ಲ, ಹೋಗಿ ಬಾ ಮಧು, ನಾ ಇಲ್ಲೇ ಅದೀನಿ ಎಂದ, ಅದು ಎಲ್ಲಿಂದ ಬಂತೋ ಅವನ ಬಾಯಿಗೆ. ಈಗ ಹರಿಗೋಲಿನಲ್ಲಿ ಎದೆ ಬಿಗಿಯುತ್ತಿದೆ, ಜಿಗ್ಗೆಂದು ಹಾಲು ಇಳಿದು ಕುಪ್ಪಸ ಒದ್ದೆಯಾಯಿತು, ಹೊತ್ತೆಷ್ಟು ಅಂಕುಶಣ್ಣಾ? ಎರಡಾಗಿರಬೇಕ್ರಿ. ಎರಡು! ಕಾರ್ಖಾನೆಯ ಕೂಗು ಇಲ್ಲಿಗೆ ಕೇಳುವುದಿಲ್ಲ, ಕಾಡಿದೆ, ಗುಡ್ಡವಿದೆ, ಆದರೂ ಎದೆಗೆ ಹೇಗೆ ತಿಳಿಯಿತು, ಹಾಗಾದರೆ ಭೋಂಗಾಕ್ಕೆ ಪಳಗಿದ್ದು ಕೂಸಲ್ಲ, ತಾನು. ಅವಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು.

ಸಾಕ್ರಿ, ದಂಡಿಗೆ ಹೋಗೂಣು, ಎಂದಳು. ಅಳು ಕೇಳುತ್ತಿದೆಯೇ, ಇಲ್ಲ, ಯಾವುದೋ ಹಕ್ಕಿ, ಕೂಸು ಅತ್ತೂ ಅತ್ತೂ ಮಲಗಿಬಿಟ್ಟಿದ್ದರೆ, ಕುಡಿಯದೆ ಹಾಗೇ ಮಲಗಿದ್ದರೆ, ಒಂಬತ್ತು ದಿನ — ದಂಡೆ ಇನ್ನು ಹತ್ತು ಮಾರು, ಹರಿಗೋಲು ನೇರ ಹೋಗುವ ಜಾತಿಯದಲ್ಲ, ತಿರುಗುತ್ತಲೇ ಹೋಗುತ್ತದೆ, ದಂಡೆ ಬರುತ್ತದೆ, ಜಾರುತ್ತದೆ, ಕಾಡು ಬರುತ್ತದೆ, ಮತ್ತೆ ದಂಡೆ — ಕಲ್ಲಿನ ಮೇಲೆ ಲೀನಾಬಾಯಿ, ಮಡಿಲಲ್ಲಿ ಕೂಸು, ಬಟ್ಟಲು ಹಿಡಿದು ಕುಕ್ಕರಗಾಲಲ್ಲಿ ಕೂತ ಬಾಳೇಶ, ಕೂಸಿನ ತುಟಿ ಬಿಗಿದಿದೆ, ಅದೇ ಗೆರೆ — ಜಾರಿತು, ಕಾಡು, ಬಿದಿರಿನ ಮೆಳೆ, ತಿರುಗಿಸಬ್ಯಾಡ್ರಿ ಅಣ್ಣಾ, ಅದು ತಾನ ತಿರುಗತೈತ್ರಿ, ದಂಡೆ — ಚಮಚ ಹತ್ತಿರ ಬಂದಿದೆ, ಕಣ್ಣು ಚಮಚದ ಮೇಲಿದೆ, ತುಟಿ — ಜಾರಿತು, ಈ ಕಾಡು ಇಷ್ಟು ಉದ್ದ ಯಾಕಿದೆ, ದಂಡೆ — ಬಾಯಿ ತೆರೆದಿದೆ. ಕುಡಿಯಿತು. ಕೂಗಬೇಕು, ಕೂಸೇ ಎಂದು ಒಂದು ಕೂಗು ಹಾಕಿದರೆ ಸಾಕು, ಚಮಚ ತಳ್ಳಿ ಇತ್ತ ತಿರುಗುತ್ತದೆ, ಎರಡೂ ಕೈ ಚಾಚಿ ತನ್ನನ್ನೇ ಬೇಡುತ್ತದೆ, ಯಾರೂ ತಪ್ಪೆನ್ನುವುದಿಲ್ಲ, ತಾಯಲ್ಲವೇ. ಕೂಗಲಿಲ್ಲ. ಖುಷಿಯಾಯಿತು, ತಾನಿಲ್ಲದೆಯೂ ಕುಡಿಯಿತಲ್ಲ ಎಂಬ ನೋವೂ ಆಯಿತು, ಎರಡೂ ಒಟ್ಟಿಗೇ, ಕುಪ್ಪಸದಲ್ಲಿ ಹಾಲು ಸುಮ್ಮನೆ ಇಳಿಯುತ್ತಿದೆ, ದಂಡೆ ಜಾರುತ್ತದೆ, ಬರುತ್ತದೆ — ಲೀನಾಬಾಯಿಯ ಕೈ ಇನ್ನೂ ಬಟ್ಟಲಲ್ಲೇ ಇದೆ, ಚಮಚ ಇನ್ನೂ ಎದ್ದಿಲ್ಲ, ಕೂಸು ಆಗಲೇ ಬಾಯಿ ತೆರೆದು ಕಾಯುತ್ತಿದೆ.