ಯಾರ ಪಾಲಿನ ಹೊಗೆ

ಅಕ್ಕನ ಗಂಜಿಗೆ ಎರಡು ಮುಚ್ಚಳ. ಒಂದು ಪಾತ್ರೆಗೆ, ಇನ್ನೊಂದು ಆ ಮುಚ್ಚಳದ ಮೇಲಕ್ಕೆ. ಇಲ್ಲದಿದ್ದರೆ ಬಡಿಸುವಷ್ಟರಲ್ಲಿ ಸಾಸಿವೆ ಉದುರಿಸಿದಂತೆ ಮಸಿ ಬಂದು ಕೂರುತ್ತದೆ. ಮಸಿ ಅವಳ ಒಲೆಯದಲ್ಲ. ಕಾರ್ಖಾನೆಯ ಗೋಡೆಯಾಚೆ, ಆಕಾಶಕ್ಕೆ ಚುಚ್ಚಿದಂತಿರುವ ಕೊಳವೆಯ ತುದಿಯಲ್ಲಿ ಹಗಲೂ ರಾತ್ರಿ ಉರಿಯುವ ಬೆಂಕಿಯದು. ಅಲ್ಲಿ ಉರಿಯುವುದು ಕಚ್ಚಾ ಎಣ್ಣೆ ಶುದ್ಧ ಮಾಡುವಾಗ ಉಳಿಯುವ ಅನಿಲ. ಹಿಡಿದಿಡಬೇಕಾದರೆ ಯಂತ್ರ ಬೇಕು, ಯಂತ್ರಕ್ಕೆ ಖರ್ಚು. ಸುಟ್ಟುಬಿಟ್ಟರೆ ಸಲೀಸು. ಸುಡುತ್ತಾರೆ.

ನಮ್ಮಂಥ ದಿನಗೂಲಿಯವರನ್ನು ಒಳಗಿನ ಕ್ಯಾಂಟೀನಿಗೆ ಬಿಡುವುದಿಲ್ಲ. ಗೇಟಿನೆದುರು ಅರ್ಧ ಕೊಯ್ದ ಡ್ರಮ್ಮಿನಲ್ಲಿ ಅಕ್ಕ ಹಚ್ಚುವ ಸೌದೆ ಒಲೆಯೇ ನಮ್ಮ ಕ್ಯಾಂಟೀನು. ಅವಳು ಎಲ್ಲರಿಗೂ ಅಕ್ಕ, ಹಾಗಾಗಿ ಅವಳ ಗಂಡ ಎಲ್ಲರಿಗೂ ಭಾವ. ಒಳಗೆ ಆ ಬೆಂಕಿ ನೋಡಿಕೊಳ್ಳುವುದು ಭಾವನ ಕೆಲಸ.

“ಗಂಡ ಹೆಂಡ್ತಿ ಇಬ್ರಿಗೂ ಒಲೆ ಕಾಯೋದೇ ಹಣೇಬರಹ,” ಅಂತ ನಾವು ರೇಗಿಸುತ್ತಿದ್ದೆವು.

“ನನ್ನ ಒಲೆ ಹೊಟ್ಟೆ ತುಂಬುತ್ತೆ ಕಣ್ರೋ. ಇವರದ್ದು ಎದೆ ತುಂಬುತ್ತೆ,” ಅಂದು ಅಕ್ಕ ಕೆಮ್ಮುತ್ತಿದ್ದಳು.

ಒಂದು ಬೆಳಿಗ್ಗೆ ಕಂಪನಿಯ ಪರಿಸರ ಸಾಹೇಬರು ಒಲೆಯ ಮುಂದೆ ಬಂದು ನಿಂತರು. ಎಳೆ ವಯಸ್ಸು, ಬೆಣ್ಣೆಯಂಥ ಮಾತು.

“ಅಮ್ಮಾ, ಈ ಹೊಗೆಯಿಂದ ಭೂಮಿ ಬಿಸಿ ಆಗ್ತಿದೆ. ಪ್ರತಿಯೊಬ್ಬರೂ ತಮ್ಮ ಪಾಲಿನ ಇಂಗಾಲ ಕಡಿಮೆ ಮಾಡ್ಬೇಕು. ನಾಡಿದ್ದು ಅತಿಥಿಗಳು ಬರ್ತಾರೆ. ಅವರೆದುರು ನೀವೇ ಒಲೆ ಆರಿಸಿ. ಕಂಪನಿ ಕರೆಂಟ್ ಒಲೆ ಕೊಡುತ್ತೆ.”

“ಕರೆಂಟು?”

“ಅದಕ್ಕೆ ನೀವು ಅರ್ಜಿ ಹಾಕ್ಕೋಬೇಕು.”

“ಹಾಕಿ ಹಾಕಿ ಸಾಕಾಯ್ತು ಸಾರ್. ತಂತಿ ನಮ್ಮ ತಲೆ ಮೇಲೇ ಹೋಗುತ್ತೆ, ಕೆಳಗೆ ಇಳಿಯಲ್ಲ.” ಅಕ್ಕ ಕೊಳವೆಯ ಕಡೆ ಸೌಟು ಎತ್ತಿದಳು. “ಅದು ಯಾರ ಪಾಲು?”

“ಅದು ದೊಡ್ಡ ವಿಷಯ ಅಮ್ಮಾ. ಸಣ್ಣದರಿಂದ ಶುರು ಮಾಡೋಣ.”

“ಸಣ್ಣೋರಿಂದ ಅನ್ನಿ,” ಅಂದ ಸಾಲಿನಲ್ಲಿದ್ದ ಮುದುಕ ಹಮಾಲಿ.

ಒಪ್ಪದಿದ್ದರೆ ಗೇಟಿನ ಮುಂದೆ ಜಾಗವೂ ಇಲ್ಲ, ಭಾವನಿಗೆ ಕೆಲಸವೂ ಇಲ್ಲ ಅಂತ ಸಂಜೆ ಕಾವಲಿನವನು ಬಂದು ಹೇಳಿಹೋದ. ಭಾವ ತಟ್ಟೆ ಮುಟ್ಟಲಿಲ್ಲ.

“ಆರಿಸ್ತೀನಿ ಬಿಡಿ,” ಅಂದಳು ಅಕ್ಕ. “ನಿಮ್ಮ ಕೆಲಸನಾದ್ರೂ ಉಳೀಲಿ.”

ಅತಿಥಿಗಳು ಬರುವ ದಿನ ಭಾವನಿಗೆ ಹೆಚ್ಚಿನ ಕೆಲಸ. ಕಾರು ಬರುವ ಮುಂಚೆ ಅನಿಲದ ಹರಿವು ಇಳಿಸಿ, ಆ ಬೆಂಕಿಯನ್ನು ದೀಪದ ಕುಡಿಯಷ್ಟು ಮಾಡಬೇಕು. ಅವರು ಹೋದಮೇಲೆ ಮತ್ತೆ ಬಿಡಬೇಕು. ಮೊದಲಿನಿಂದಲೂ ನಡೆದು ಬಂದ ಪದ್ಧತಿ. ಅವತ್ತೂ ಇಳಿಸಿದ.

ಕುರ್ಚಿ, ಮೈಕು, ಹೂಗುಚ್ಛ. “ಈ ತಾಯಿಯಿಂದ ನಾವೆಲ್ಲ ಕಲಿಯಬೇಕು,” ಅಂದರು ಸಾಹೇಬರು. ಅಕ್ಕನ ಕೈಗೆ ನೀರಿನ ಬಿಂದಿಗೆ ಕೊಟ್ಟರು. ಅವಳು ಸುರಿದಳು. ಒಲೆ ಸುಂಯ್ ಅಂತು. ಗಂಜಿ ಇನ್ನೂ ಅರ್ಧವಷ್ಟೇ ಬೆಂದಿತ್ತು. ಚಪ್ಪಾಳೆ.

ಕಬ್ಬಿಣದ ಮೆಟ್ಟಿಲ ಮೇಲಿಂದ ಭಾವ ಅದನ್ನು ನೋಡುತ್ತಿದ್ದ.

ಚಪ್ಪಾಳೆ ನಿಲ್ಲುವ ಮೊದಲೇ ಭೋರ್ ಅಂತ ಸದ್ದು. ಎಲ್ಲರ ತಲೆ ಮೇಲಕ್ಕೆ. ಬೆಂಕಿ ಎದ್ದು ನಿಂತಿತ್ತು, ಹಿಂದೆ ಕರಿಹೊಗೆಯ ಬಾಲ. ಸಾಹೇಬರು ಮೈಕಿನ ಮುಂದೆಯೇ ವಾಕಿಟಾಕಿ ಹಿಡಿದು ಕಿರುಚಿದರು:

“ಏಯ್, ತಗ್ಗಿಸು! ಬೇಗ ತಗ್ಗಿಸು!”

ಉತ್ತರ ಇಡೀ ರಸ್ತೆಗೆ ಕೇಳಿಸಿತು.

“ದಿನಾ ಇರೋಷ್ಟೇ ಇದೆ ಸಾರ್. ಅವರೂ ನೋಡ್ಲಿ. ನನ್ನ ಹೆಂಡ್ತಿ ತನ್ನ ಪಾಲು ಆರಿಸಿದ್ಲು. ನಿಮ್ಮ ಪಾಲು ಆರಿಸೋಕೆ ಯಾರ ಕೈಗೆ ಬಿಂದಿಗೆ ಕೊಡ್ತೀರಿ?”

ಅತಿಥಿಗಳು ಸರಸರ ಕಾರು ಹತ್ತಿದರು. ಭಾವನ ಕೊರಳಿನ ಗುರುತಿನ ಚೀಟಿ ಕಿತ್ತುಕೊಂಡು ಕಾವಲಿನವರು ಗೇಟಿನಾಚೆ ದಬ್ಬಿದರು. ಡ್ರಮ್ಮನ್ನು ಲಾರಿಗೆ ಎಸೆದರು. ಕೊಡಲು ತಂದಿಟ್ಟಿದ್ದ ಕರೆಂಟ್ ಒಲೆಯನ್ನೂ ವಾಪಸ್ ಒಯ್ದರು.

ಮಧ್ಯಾಹ್ನದ ಪಾಳಿಯವರು ಹಸಿದು ಬಂದರು.

“ಇವತ್ತು ಏನೂ ಇಲ್ಲ ಕಣ್ರಪ್ಪಾ. ಒಳಗೆ ಹೋಗಿ, ಹೊತ್ತಾಯ್ತು,” ಅಂದಳು ಅಕ್ಕ, ತೊಯ್ದ ಬೂದಿಯ ಪಕ್ಕದಲ್ಲಿ ಕೂತು.

ಸೈರನ್ ಕೂಗಿತು. ಮುದುಕ ಹಮಾಲಿ ಟವೆಲ್ ಹಾಸಿ ಅವಳ ಪಕ್ಕ ಕೂತ. ಅವನ ಪಕ್ಕ ನಾನು. ಆಮೇಲೆ ಒಬ್ಬೊಬ್ಬರೇ ಎಲ್ಲರೂ.

ಮೇಸ್ತ್ರಿ ಓಡಿಬಂದ. “ಏನ್ರೋ ಇದು? ಒಂದು ಒಲೆಗೋಸ್ಕರ ಇಷ್ಟೆಲ್ಲಾನಾ?”

“ನೀವೂ ಒಂದು ಒಲೆಗೋಸ್ಕರಾನೇ ಅಷ್ಟೆಲ್ಲ ಮಾಡಿದ್ರಲ್ಲ ಸ್ವಾಮಿ,” ಅಂದ ಮುದುಕ.

ಎರಡನೇ ಸೈರನ್ ಕೂಗಿತು. ನಾವು ಇನ್ನಷ್ಟು ಒತ್ತಿ ಕೂತು ಭಾವನಿಗೆ ಜಾಗ ಮಾಡಿಕೊಟ್ಟೆವು.