ಕಟ್ಟೆ ಒರೆಸುವ ಜೆರ್ಸಿ

ಎರಡನೆಯ ರೊಟ್ಟಿ ಬಡಿಯುತ್ತಿದ್ದಾಗ ಇವರ ಫೋನು ರಿಂಗಾಯಿತು. ಇವರು ಸ್ನಾನಕ್ಕೆ ಹೋಗಿದ್ದರು. ಹಿಟ್ಟಿನ ಬೆರಳಲ್ಲೇ ಒತ್ತಿದೆ. ವಿಡಿಯೊ ಕಾಲ್ ಎಂದು ತಿಳಿಯಲಿಲ್ಲ. ತೆರೆಗೆ ಹಿಟ್ಟು ಮೆತ್ತಿದ್ದನ್ನು ನೋಡಿ ಕಟ್ಟೆ ಒರೆಸುವ ಹಸಿರು ಬಟ್ಟೆಯಿಂದ ಚೆನ್ನಾಗಿ ಉಜ್ಜಿದೆ.

"ಮೇಡಂ, ಅದು ನಮ್ಮ ಜೆರ್ಸಿ ಅಲ್ವಾ?" ಫೋನು ಕೇಳಿತು.

ನನ್ನ ಗಂಡ ಬಸವಲಿಂಗ ಫುಟ್‌ಬಾಲ್ ಮಿಡ್‌ಫೀಲ್ಡರ್. ಹನ್ನೆರಡು ವರ್ಷ, ಒಂಬತ್ತು ಕ್ಲಬ್ಬು, ನಾಲ್ಕು ಗೋಲು. ಅದರಲ್ಲಿ ಒಂದು ತಮ್ಮದೇ ಕಡೆಯ ಗೋಲಿಗೆ. ಬೀಳ್ಕೊಡುವಾಗ ಪ್ರತಿ ಕ್ಲಬ್ಬೂ ಒಂದು ಜೆರ್ಸಿ ಕೊಡುತ್ತದೆ. ಬಿಬವೇವಾಡಿಯ ಎರಡು ಕೋಣೆಯ ಮನೆಯಲ್ಲಿ ಒಂಬತ್ತನ್ನು ಎಲ್ಲಿ ತೂಗುಹಾಕಲಿ? ಕೇಸರಿಯದು ಅತ್ತೆಯ ದಿಂಬಿಗೆ, ನೀಲಿಯದು ನೆಲಕ್ಕೆ, ಹಸಿರು ಕಟ್ಟೆಗೆ.

ಹಸಿರು ಕ್ಲಬ್ಬಿನ ಮ್ಯಾನೇಜರ್ ರಘುರಾಮ ಅವರೇ ತೆರೆಯಲ್ಲಿದ್ದರು.

"ಹೌದ್ರೀ," ಎಂದೆ. "ದಿನಾ ಕಣ್ಣೆದುರಿಗೆ ಇರ್ಲಿ ಅಂತ ಅಡಿಗಿಮನಿಯೊಳಗ ಇಟ್ಟೀನ್ರಿ."

"ಇಷ್ಟು ಪ್ರೀತಿ ಯಾರೂ ಇಟ್ಟಿಲ್ಲ ಮೇಡಂ!" ಅವರ ಕಣ್ಣು ತುಂಬಿತು. ಈ ಸೀಸನ್ನಿಗೆ ಇವರು ಮತ್ತೆ ಗೋವಾಕ್ಕೆ ಬರಬೇಕಂತೆ. ಮಧ್ಯಾಹ್ನದೊಳಗೆ ಉತ್ತರ ಬೇಕಂತೆ. ಬಚ್ಚಲ ಬಾಗಿಲಿಗೆ ನಿಂತು ಇವರಿಗೆ ಕೂಗಿ ಹೇಳಿದೆ.

ಇವರು ತಲೆ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಅತ್ತೆ ಸಾವಂತ್ರವ್ವ ಮಂಚದ ಕೆಳಗಿನ ಬ್ಯಾಗು ಎಳೆದು, ಶೇಂಗಾ ಚಟ್ನಿಯ ಡಬ್ಬಿ ಒಳಗಿಟ್ಟಾಗಿತ್ತು.

"ಯವ್ವಾ, ನಾ ಇನ್ನೂ ಹೂಂ ಅಂದಿಲ್ಲ."

"ಯಾವಾಗರ ಊಹೂಂ ಅಂದೀಯೇನು?"

ಇಲ್ಲೇ ಊರೊಳಗಿನ ಕ್ಯಾಂಪ್ ಬಡಾವಣೆಯ ಶಾಲೆಯೊಂದು ಮಕ್ಕಳಿಗೆ ಆಟ ಕಲಿಸಲು ಕರೆದಿತ್ತು. ಅದಕ್ಕೆ ಇವರು ತಿಂಗಳಿನಿಂದ "ನೋಡೂಣು" ಎನ್ನುತ್ತಿದ್ದರು. ಈಗಲೂ ನನ್ನ ಮುಖ ನೋಡಿದರು. ನಾನು ರೊಟ್ಟಿ ತಿರುವಿ ಹಾಕಿದೆ.

ಪ್ರಣೀತಾ ಅರ್ಧ ಹೆಣೆದ ಜಡೆಯಲ್ಲಿ ಬಾಗಿಲಿಗೆ ಬಂದು ನಿಂತಳು. ಏಳು ವರ್ಷದ ಮಗಳು. ಟಿವಿಯಲ್ಲಿ ಅಪ್ಪನ ಪ್ರತಿ ಆಟ ನೋಡುತ್ತಾಳೆ. ಎಪ್ಪತ್ತನೆಯ ನಿಮಿಷಕ್ಕೆ ತಪ್ಪದೆ ಆಟಗಾರನನ್ನು ಬದಲಿಸುವ ಬೋರ್ಡು ಏಳುತ್ತದೆ, ಅಪ್ಪ ಹೊರಗೆ ಬರುತ್ತಾರೆ. ಮೊದಲ ಸಲ ಅದನ್ನು ಕಂಡು ಅತ್ತಿದ್ದಳು. ಆಗ ಇವರು ಫೋನಿನಲ್ಲಿ ತಿಳಿಸಿ ಹೇಳಿದ್ದರು: "ಒಬ್ಬಾಂವ ಹೊರಗ ಹೋದ್ರ ಇನ್ನೊಬ್ಬಾಂವ ಒಳಗ ಬರ್ತಾನವ್ವಾ. ಜಾಗಾ ಖಾಲಿ ಬಿಡಂಗಿಲ್ಲ."

ಅಪ್ಪ ಮನೆಗೆ ಬಂದಾಗಿನಿಂದ ಇವಳು ಏನನ್ನೋ ಕೇಳಲು ಬಾಯಿ ತೆರೆಯುವುದು, ನುಂಗಿಕೊಳ್ಳುವುದು ನಡೆದಿತ್ತು. ಬರುವಾಗ ಬರಲಿ ಎಂದು ನಾನು ಕೆದಕಿರಲಿಲ್ಲ.

ಅವಳು ನೇರ ಬಂದು ಬ್ಯಾಗಿನ ಮೇಲೆ ಕೂತಳು. ಒಳಗೆ ಚಟ್ನಿ ಡಬ್ಬಿ ಲಟಕ್ಕೆಂದಿತು.

"ಅಪ್ಪಾ, ನೀ ಹೊರಗ ಹೋದ್ರ, ನಮ್ಮನಿಗೆ ನಿನ್ನ ಜಾಗಾಕ್ಕ ಒಳಗ ಯಾರು ಬರ್ತಾರ?"